ಮನೆಗೆ ಯಾವ ಲ್ಯಾನ್ ಕೇಬಲ್? ಉತ್ತರ ಕನ್ನಡದ ಮಳೆ, ಉಪ್ಪುಗಾಳಿ, ಸಿಡಿಲಿಗೆ ತಕ್ಕ ಆಯ್ಕೆ

ಕಾರವಾರದಿಂದ ಶಿರಸಿಯವರೆಗೆ ಎಷ್ಟೋ ಮನೆಗಳಿಗೆ ಈಗ ಫೈಬರ್ ಬಂದಿದೆ. ರೂಟರ್ ಜಗುಲಿಯ ಗೋಡೆಗೆ ಕೂತಿದೆ. ಆದರೆ ಒಳಕೋಣೆಗೋ ಮಾಳಿಗೆಗೋ ಹೋದರೆ ವೈಫೈ ಕಡ್ಡಿ ಒಂದೇ ಉಳಿಯುತ್ತದೆ. ನಮ್ಮ ಕಡೆಯ ಚಿರೇಕಲ್ಲಿನ ಗೋಡೆಗಳು ದಪ್ಪ. ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಮನೆಯಿಂದಲೇ ಬೆಂಗಳೂರಿನ ಆಫೀಸಿಗೆ ಕೆಲಸ ಮಾಡುವವರಿಗೆ, ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುವವರಿಗೆ, ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕಿಸುವವರಿಗೆ ಕೊನೆಗೆ ಬೇಕಾಗುವುದು ರೂಟರ್‌ನಿಂದ ನೆಟ್ ಒಯ್ಯುವ ಒಂದು ಒಳ್ಳೆಯ ತಂತಿಯೇ, ಅಂದರೆ ಲ್ಯಾನ್ ಕೇಬಲ್.

ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ "ಕ್ಯಾಟ್ ಫೈವಾ, ಸಿಕ್ಸಾ?" ಕ್ಯಾಟ್ ಅಂದರೆ ಕೇಬಲ್‌ನ ದರ್ಜೆ. ಅದು ಬೇಕಾದ ಪ್ರಶ್ನೆಯೇ. ಆದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಮೂರಿವೆ. ಒಳಗಿರುವುದು ನಿಜವಾದ ತಾಮ್ರವೇ? ಮೇಲಿನ ಹೊದಿಕೆ ಮಳೆಬಿಸಿಲಿಗೆ ತಡೆಯುತ್ತದೆಯೇ? ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುತ್ತಿದೆಯೇ? ಇಲ್ಲಿ ಲ್ಯಾನ್ ಹಾಳಾಗುವುದು ಹೆಚ್ಚಾಗಿ ಈ ಮೂರರಲ್ಲಿ ಒಂದು ತಪ್ಪಿದಾಗ. ಹಾಗಾಗಿ ಅಂಕಿಯ ವಿಷಯ ಬೇಗ ಮುಗಿಸಿ ಇವುಗಳ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲು ದಾರಿ ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಹಗ್ಗ ತೆಗೆದುಕೊಂಡು ಕೇಬಲ್ ಹೋಗಬೇಕಾದ ದಾರಿಯಲ್ಲೇ ಹಿಡಿದು ನೋಡಿ. ರೂಟರ್‌ನಿಂದ ಗೋಡೆಗುಂಟ ಮೇಲೆ, ಅಟ್ಟದ ಮೇಲೆ ಹಾದು, ಆ ಕಡೆ ಕೋಣೆಗೆ ಇಳಿಯುವವರೆಗೆ. ನೇರ ಅಳತೆ ಹಿಡಿದರೆ ಖಂಡಿತ ಸಾಲುವುದಿಲ್ಲ. ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಜಾಸ್ತಿ ಇಟ್ಟುಕೊಳ್ಳಿ. ತುದಿಯ ಪ್ಲಗ್, ಅಂದರೆ ಕನೆಕ್ಟರ್ ಕೆಟ್ಟಾಗ ಕತ್ತರಿಸಿ ಹೊಸದು ಹಾಕಲು ಅದು ಬೇಕಾಗುತ್ತದೆ.

ಒಂದು ಕೇಬಲ್ ಒಟ್ಟು 100 ಮೀಟರ್ ಮೀರಬಾರದು. ಈ ಲೆಕ್ಕದಲ್ಲಿ 90 ಮೀಟರ್ ಗೋಡೆಯೊಳಗಿನ ಕೇಬಲ್, ಉಳಿದ 10 ಮೀಟರ್ ಎರಡು ತುದಿಯ ಸಣ್ಣ ಪ್ಯಾಚ್ ಕಾರ್ಡ್‌ಗಳಿಗೆ. ಇಷ್ಟರೊಳಗೆ ಇದ್ದರೆ ಕೇಬಲ್ ಉದ್ದ ಆಯಿತೆಂದು ನೆಟ್ ನಿಧಾನ ಆಗುವುದಿಲ್ಲ. 10 ಮೀಟರ್ ಆದರೂ 80 ಮೀಟರ್ ಆದರೂ ವೇಗ ಅಷ್ಟೇ.

ಅಳೆಯುವಾಗಲೇ ಒಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ: ಯಾವ ಭಾಗ ಮನೆಯೊಳಗೆ, ಯಾವುದು ಸೂರಿನ ಕೆಳಗೆ, ಯಾವುದು ಬಯಲಲ್ಲಿ, ಯಾವುದು ನೆಲದೊಳಗೆ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಕಾಗದ ಬೇಕು.

ಕ್ಯಾಟ್ ಅಂಕಿ: ಕ್ಯಾಟ್ 6 ಸಾಕು

ಎಲ್ಲ ಲ್ಯಾನ್ ಕೇಬಲ್‌ನ ಒಳಗೂ ಇರುವುದು ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯೂ ಹುರಿಗೊಂಡಿರುತ್ತದೆ. ಒಂದು ಜೋಡಿಯ ಸಿಗ್ನಲ್ ಪಕ್ಕದ ಜೋಡಿಗೆ ಅಂಟದಂತೆ ತಡೆಯುವುದು ಈ ಹುರಿಯೇ. ಅಂಕಿ ಏರಿದ ಹಾಗೆ ಹುರಿ ಬಿಗಿಯಾಗುತ್ತದೆ, ಕೇಬಲ್ ಹೊರಬಲ್ಲ ಸಿಗ್ನಲ್‌ನ ಆವರ್ತನ (ಮೆಗಾಹರ್ಟ್ಸ್) ಏರುತ್ತದೆ.

ಕ್ಯಾಟ್ 5ಇ 100 ಮೆಗಾಹರ್ಟ್ಸ್‌ನದು. ಪೂರ್ತಿ 100 ಮೀಟರ್ ದೂರಕ್ಕೆ 1 ಗಿಗಾಬಿಟ್ (1000 ಮೆಗಾಬಿಟ್) ವೇಗ ಕೊಡುತ್ತದೆ. 2016ರಲ್ಲಿ ಬಂದ ಹೊಸ ಮಾನದಂಡದಲ್ಲಿ ಇದೇ ಕೇಬಲ್ ಮೇಲೆ 2.5 ಗಿಗಾಬಿಟ್ ಕೂಡ ಓಡುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ಹಳೆಯ, ಒಳ್ಳೆಯ ಕ್ಯಾಟ್ 5ಇ ಇದ್ದರೆ ಸುಮ್ನೆ ಕಿತ್ತು ಹಾಕಬೇಡಿ. 300 ಮೆಗಾಬಿಟ್ ಪ್ಲಾನ್‌ಗೆ ಅದು ಧಾರಾಳ ಸಾಕು.

ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ತೆಗೆದುಕೊಳ್ಳಿ. 250 ಮೆಗಾಹರ್ಟ್ಸ್. 100 ಮೀಟರ್‌ಗೆ 1 ಗಿಗಾಬಿಟ್ ಆರಾಮಾಗಿ, ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಕೂಡ. ತಂತಿಯೂ ಸ್ವಲ್ಪ ದಪ್ಪ, ಸಾಮಾನ್ಯವಾಗಿ 23 ಗೇಜ್. (ಗೇಜ್ ಅಂಕಿ ಕಮ್ಮಿ ಇದ್ದಷ್ಟೂ ತಂತಿ ದಪ್ಪ. ಕ್ಯಾಟ್ 5ಇಯಲ್ಲಿ 24 ಗೇಜ್ ಇರುತ್ತದೆ.) ಗೋಡೆ ಕೊರೆದು ಪೈಪು ಹಾಕುವ ಕೂಲಿಯೇ ದೊಡ್ಡದು, ಅಲ್ವಾ? ಅದರ ಮುಂದೆ 5ಇಗೂ 6ಕ್ಕೂ ಇರುವ ಬೆಲೆಯ ವ್ಯತ್ಯಾಸ ಸಣ್ಣದು.

ಕ್ಯಾಟ್ 6ಎ 500 ಮೆಗಾಹರ್ಟ್ಸ್, 100 ಮೀಟರ್‌ಗೂ 10 ಗಿಗಾಬಿಟ್. ದಪ್ಪ, ಬಿರುಸು, ಬಾಗಿಸಲು ಕಷ್ಟ. ದೊಡ್ಡ ಆಫೀಸು, ಸ್ಟುಡಿಯೋ ಇದ್ದರೆ ನೋಡಿ. ಮನೆಗೆ ಬೇಡ. ಕ್ಯಾಟ್ 8 ಇರುವುದು ಡೇಟಾ ಸೆಂಟರ್‌ಗಳಿಗೆ. 2000 ಮೆಗಾಹರ್ಟ್ಸ್, ಆದರೆ ಅದರ 40 ಗಿಗಾಬಿಟ್ ವೇಗಕ್ಕೆ 30 ಮೀಟರ್ ಮಿತಿ ಇದೆ. ಆನ್‌ಲೈನ್‌ನಲ್ಲಿ ಕ್ಯಾಟ್ 7, ಕ್ಯಾಟ್ 8 ಅಂತ ರಿಬ್ಬನ್ ತರಹದ ಚಪ್ಪಟೆ ಕೇಬಲ್ ಕಾಣಿಸುತ್ತವೆ. ಅವುಗಳ ಒಳಗಿನ ತಂತಿ ಬಹಳ ಸಪೂರ. ಟಿವಿ ಹಿಂದೆ ಒಂದೆರಡು ಮೀಟರ್‌ಗೆ ಪರವಾಗಿಲ್ಲ. ಮನೆಗೆಲ್ಲ ಎಳೆಯಲು, ಕ್ಯಾಮೆರಾಕ್ಕೆ ಕರೆಂಟ್ ಕಳಿಸಲು ಅವು ಆಗುವುದಿಲ್ಲ.

ತಾಮ್ರವೋ, ತಾಮ್ರದ ಲೇಪವೋ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕ್ಯಾಟ್ 6 ಅಂತ ಬರೆದಿರುತ್ತದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಿಸಿಎ ಅಂತ ಇರಬಹುದು. ಎಷ್ಟೋ ಸಲ ಅದೂ ಇರುವುದಿಲ್ಲ. ಸಿಸಿಎ ಅಂದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತೆಳ್ಳಗೆ ತಾಮ್ರದ ಲೇಪ. ಕಣ್ಣಿಗೆ ಎರಡೂ ಒಂದೇ. ಬೆಲೆ ಮಾತ್ರ ತುಂಬಾ ಕಮ್ಮಿ. ಅಲ್ಲೇ ಎಚ್ಚರ ಆಗಬೇಕು.

ಇದರ ತೊಂದರೆ ಮೊದಲ ದಿನ ಗೊತ್ತಾಗುವುದಿಲ್ಲ. ಸ್ಪೀಡ್ ಟೆಸ್ಟ್ ಚೆನ್ನಾಗಿಯೇ ಬರುತ್ತದೆ. ಅಲ್ಯೂಮಿನಿಯಂ ಸುಲಭವಾಗಿ ಮುರಿಯುವ ಲೋಹ. ಕನೆಕ್ಟರ್ ಹತ್ತಿರ ನಾಲ್ಕು ಸಲ ಬಾಗಿಸಿದರೆ ಒಳಗೇ ತುಂಡಾಗುತ್ತದೆ, ಹೊರಗೆ ಕಾಣುವುದಿಲ್ಲ. ಕರೆಂಟಿಗೆ ಅಡ್ಡಿಯೂ ತಾಮ್ರಕ್ಕಿಂತ ಅರ್ಧಕ್ಕೂ ಹೆಚ್ಚು ಜಾಸ್ತಿ. ಇದೇ ಕೇಬಲ್‌ನಲ್ಲಿ ಕ್ಯಾಮೆರಾಕ್ಕೆ ಕರೆಂಟ್ ಕಳಿಸಿದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ, ತಂತಿ ಬಿಸಿಯಾಗುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡ ಕೂಡಲೇ ಕ್ಯಾಮೆರಾ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನೇ. ತೇವದ ಗಾಳಿಯಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಇದ್ದರೆ ಅಲ್ಯೂಮಿನಿಯಂ ಬೇಗ ತಿನ್ನಿಸಿಕೊಳ್ಳುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಬ್ಲೇಡು ಇದ್ದರೆ ಸಾಕು.

ಕೇಬಲ್ ತುದಿಯಲ್ಲಿ ಎರಡು ಇಂಚು ಹೊದಿಕೆ ಸುಲಿಯಿರಿ. ಒಂದು ತಂತಿಯ ಬಣ್ಣದ ಪ್ಲಾಸ್ಟಿಕ್ ತೆಗೆಯಿರಿ. ಈಗ ಬ್ಲೇಡನ್ನು ಓರೆಯಾಗಿ ಹಿಡಿದು ತಂತಿಯ ಮೇಲ್ಮೈಯನ್ನು ನಿಧಾನ ಕೆರೆಯಿರಿ. ಕೆರೆದಷ್ಟೂ ಕೆಂಪು ಕಂಡರೆ ತಾಮ್ರ. ಕೆಂಪು ಹೋಗಿ ಒಳಗಿನಿಂದ ಬೆಳ್ಳಿಯ ಬಣ್ಣ ಮಿಂಚಿದರೆ ಸಿಸಿಎ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದರೂ ಕಾಣುತ್ತದೆ: ನಡುವೆ ಬಿಳಿ ಚುಕ್ಕೆ, ಸುತ್ತ ಕೆಂಪು ಉಂಗುರ. ಅನುಮಾನ ಉಳಿದರೆ ಅದೇ ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸಿ. ಅಲ್ಯೂಮಿನಿಯಂ ಬೇಗ ಕಿತ್ತು ಬರುತ್ತದೆ.

ಪೂರ್ತಿ ಪೆಟ್ಟಿಗೆ ತೆಗೆದುಕೊಳ್ಳುವವರು ಎತ್ತಿ ನೋಡಿ. 305 ಮೀಟರ್‌ನ ಕ್ಯಾಟ್ 6 ಪೆಟ್ಟಿಗೆಯಲ್ಲಿ 23 ಗೇಜಿನ ತಾಮ್ರವೇ ಐದೂವರೆ ಕಿಲೋದಷ್ಟು ಇರುತ್ತದೆ, ಪ್ಲಾಸ್ಟಿಕ್ ತೂಕ ಬೇರೆ. ಪೆಟ್ಟಿಗೆ ಹಗುರ ಅನ್ನಿಸಿದರೆ ಅಲ್ಲೇ ಬಿಡಿ.

ಈಗಾಗಲೇ ಎಳೆದಾಗಿರುವ ಕೇಬಲ್ ಪರೀಕ್ಷಿಸಲು ಮಲ್ಟಿಮೀಟರ್ ಬೇಕು. ಎರಡೂ ತುದಿ ಉಪಕರಣದಿಂದ ಬಿಡಿಸಿ. ದೂರದ ತುದಿಯಲ್ಲಿ ಒಂದು ಜೋಡಿಯ ಎರಡು ತಂತಿಯನ್ನು ಸೇರಿಸಿ ಹೊಸೆಯಿರಿ. ಈ ಕಡೆಯಿಂದ ಆ ಜೋಡಿಯ ಓಮ್ ಅಳೆಯಿರಿ. ಕೇಬಲ್ 50 ಮೀಟರ್ ಇದ್ದರೆ ಹೋಗಿ ಬರುವ ತಂತಿ 100 ಮೀಟರ್ ಆಯಿತು. 24 ಗೇಜಿನ ತಾಮ್ರವಾದರೆ ಎಂಟೂವರೆ ಓಮ್ ಆಸುಪಾಸು ಬರಬೇಕು. ಮಾನದಂಡದ ಪ್ರಕಾರ 9.38 ಓಮ್ ದಾಟಬಾರದು. 13ರ ಮೇಲೆ ಹೋದರೆ ಒಳಗಿರುವುದು ಪೂರ್ತಿ ತಾಮ್ರವಲ್ಲ ಎಂದೇ ತಿಳಿಯಿರಿ. ಇಲ್ಲವೇ ನಡುವೆ ಎಲ್ಲೋ ಜೋಡಣೆ ಕೆಟ್ಟಿದೆ.

ಡಿ-ಲಿಂಕ್, ಫಿನೊಲೆಕ್ಸ್, ಪಾಲಿಕ್ಯಾಬ್ ತರಹದ ಹೆಸರುಳ್ಳ ಕಂಪನಿಗಳ ಕೇಬಲ್ ನಮ್ಮ ಪೇಟೆಗಳಲ್ಲೂ ತರಿಸಿಕೊಡುತ್ತಾರೆ. ಬಿಲ್ ಮೇಲೆ "ಪೂರ್ತಿ ತಾಮ್ರ" ಎಂದು ಬರೆಸಿಕೊಳ್ಳಿ. ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಅದೇ ಉತ್ತರ.

ಇನ್ನೊಂದು ಮಾತು. ಗೋಡೆಯೊಳಗೆ, ಪೈಪಿನೊಳಗೆ ಹೋಗುವ ಕೇಬಲ್‌ನಲ್ಲಿ ಪ್ರತಿ ತಂತಿಯೂ ಒಂದೇ ಗಟ್ಟಿ ಎಳೆ ಆಗಿರಬೇಕು. ಕಂಪ್ಯೂಟರ್‌ನಿಂದ ಗೋಡೆಯ ಜ್ಯಾಕ್‌ವರೆಗಿನ ಪ್ಯಾಚ್ ಕಾರ್ಡ್‌ನಲ್ಲಿ ಸಣ್ಣ ಸಣ್ಣ ಎಳೆಗಳ ಮೆತ್ತಗಿನ ತಂತಿ ಇರಬೇಕು. ಆಗ ಪದೇ ಪದೇ ಬಾಗಿಸಿದರೂ ಮುರಿಯುವುದಿಲ್ಲ.

ಹೊರಗೆ ಹೋಗುವ ಕೇಬಲ್

ಅಂಗಡಿಯಲ್ಲಿ ಸಿಗುವ ಬೂದು ಅಥವಾ ನೀಲಿ ಬಣ್ಣದ ಮಾಮೂಲಿ ಕೇಬಲ್‌ಗೆ ಇರುವುದು ಪಿವಿಸಿ ಹೊದಿಕೆ. ಅದು ಮನೆಯೊಳಗಿನದು. ಬಿಸಿಲಿಗೆ ಬಿದ್ದರೆ ಎರಡು ಮೂರು ಬೇಸಿಗೆಯಲ್ಲಿ ಬಿರುಸಾಗಿ ಬಿರುಕು ಬಿಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೂದಲೆಳೆಯಷ್ಟು ಬಿರುಕು ಸಾಕು. ನೀರು ಒಳಗೆ ಇಳಿದು, ತಂತಿಗುಂಟ ಹರಿದು, ಮನೆಯೊಳಗಿನ ನೆಟ್‌ವರ್ಕ್ ಸ್ವಿಚ್‌ನ (ಹಲವು ಲ್ಯಾನ್ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಬಾಯಿಗೇ ಬಂದು ನಿಲ್ಲುತ್ತದೆ.

ಹೊರಗಿನ ಭಾಗಕ್ಕೆ "ಔಟ್‌ಡೋರ್ ಕ್ಯಾಟ್ 6" ಎಂದು ಕೇಳಿ. ಹೊದಿಕೆ ಕಪ್ಪು ಪಾಲಿಥಿನ್ ಆಗಿರಬೇಕು. ಆ ಕಪ್ಪು ಬಣ್ಣವೇ ಬಿಸಿಲನ್ನು ತಡೆಯುವುದು. ನೆಲದೊಳಗೆ ಹೋಗುವುದಾದರೆ ಒಳಗೆ ಜೆಲ್ ತುಂಬಿದ ಕೇಬಲ್ ಸಿಗುತ್ತದೆ, ನೀರು ಹೊಕ್ಕರೂ ಮುಂದೆ ಹರಿಯುವುದಿಲ್ಲ. ಕೆಲಸ ಮಾಡುವಾಗ ಕೈಗೆಲ್ಲ ಅಂಟುತ್ತದೆ, ಸೀಮೆಎಣ್ಣೆ ಬೇಡ, ಒಣ ಬಟ್ಟೆಯಲ್ಲಿ ಒರೆಸಿ. ಇಲಿ, ಅಳಿಲು ಓಡಾಡುವ ಅಟ್ಟ, ಮಾಡು, ತೋಟದಂಚಿಗೆ ಪೈಪಿನೊಳಗೇ ಹಾಕಿಸಿ.

ಹೊರಗಿನಿಂದ ಗೋಡೆಯೊಳಗೆ ಬರುವ ತೂತನ್ನು ಹೊರಗಡೆಗೆ ಇಳಿಜಾರಾಗಿ ಕೊರೆಸಿ. ಕೇಬಲ್ ತೂತಿಗೆ ಹೊಗುವ ಮೊದಲು ಒಂದು ಗೇಣು ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಲಿ. ಆಗ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಖರ್ಚಿಲ್ಲದ ಕೆಲಸ, ಆದರೆ ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ಸಮುದ್ರದ ಹತ್ತಿರದ ಮನೆಗಳಲ್ಲಿ ಕೆಡುವುದು ಕೇಬಲ್‌ಗಿಂತ ಹೆಚ್ಚಾಗಿ ಅದರ ತುದಿ. ಕನೆಕ್ಟರ್‌ನ ಎಂಟು ಹಲ್ಲುಗಳ ಮೇಲಿನ ಚಿನ್ನದ ಲೇಪ ತೆಳ್ಳಗಿದ್ದರೆ ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕ್ಯಾಮೆರಾದ ಜೋಡಣೆ ಬಯಲಲ್ಲಿ ಜೋತಾಡಬಾರದು. ನೀರು ಹೊಗದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ, ಕೇಬಲ್ ಹೊಗುವ ತೂತು ಡಬ್ಬಿಯ ಕೆಳಗಡೆಗೇ ಇರಲಿ. ಹೊರಗಿನ ಕೆಲಸವನ್ನೆಲ್ಲ ತೋಟದಲ್ಲಿ ಕೊಟ್ಟೆ ಕಟ್ಟುವ (ಮಳೆ ತಾಗದಂತೆ ಅಡಿಕೆ ಗೊನೆಗೆ ಹೊದಿಕೆ ಕಟ್ಟುವ) ಕೆಲಸ ಶುರುವಾಗುವ ಮೊದಲೇ ಮುಗಿಸಿ. ಆಮೇಲೆ ಕೆಲಸದವರೂ ಸಿಗುವುದಿಲ್ಲ, ಒಣ ಗೋಡೆಯೂ ಸಿಗುವುದಿಲ್ಲ.

ಮನೆಯಿಂದ ಕೊಟ್ಟಿಗೆಗೆ, ಗೋದಾಮಿಗೆ: ಇಲ್ಲಿ ತಾಮ್ರ ಬೇಡ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಒಂದು ಕಡೆ, ಕೊಟ್ಟಿಗೆ, ಅಡಿಕೆ ಸುಲಿಯುವ ಮಾಡು ಇನ್ನೊಂದು ಕಡೆ. ನಡುವೆ ಐವತ್ತು ಅರವತ್ತು ಮೀಟರ್ ಅಂಗಳ. 100 ಮೀಟರ್ ಒಳಗೇ ಇದೆಯಲ್ಲ, ಲ್ಯಾನ್ ಕೇಬಲ್ ಎಳೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಎಳೆಯಬೇಡಿ.

ಸಿಡಿಲು ನೇರ ಕೇಬಲ್ ಮೇಲೆ ಬೀಳಬೇಕಾಗಿಲ್ಲ. ಹತ್ತಿರದ ಮರಕ್ಕೆ ಹೊಡೆದರೆ ಸಾಕು. ಎರಡು ಕಟ್ಟಡದ ನೆಲದ ನಡುವೆ ಆ ಕ್ಷಣ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು. ತಾಮ್ರದ ಕೇಬಲ್ ಆ ಎರಡನ್ನೂ ಜೋಡಿಸಿರುತ್ತದೆ, ಕರೆಂಟ್ ಅದರಲ್ಲೇ ಹರಿದು ಎರಡೂ ತುದಿಯ ಉಪಕರಣ ಸುಡುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಗುಡುಗು ಸಿಡಿಲು ಜೋರಾಗಿ ಬರುವುದು ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಗುಡ್ಡದ ಮೇಲಿನ ಚಿರೇಕಲ್ಲು ನೆಲ ಪೂರ್ತಿ ಒಣಗಿ, ಅರ್ಥಿಂಗ್ ಅತಿ ದುರ್ಬಲವಾಗಿರುವುದೂ ಆಗಲೇ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿ. ಅದು ಗಾಜು, ಕರೆಂಟ್ ಹರಿಯುವುದಿಲ್ಲ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು, ಫೈಬರ್‌ನ ಬೆಳಕನ್ನು ಲ್ಯಾನ್ ಸಿಗ್ನಲ್‌ಗೆ ಬದಲಿಸುವ ಪೆಟ್ಟಿಗೆ ಅದು. ಒಂದೇ ಎಳೆಯ ಫೈಬರ್ ಸಾಕಾಗುವ ಜೋಡಿ ಸಿಗುತ್ತದೆ, ಒಂದು ತುದಿಗೆ ಎ, ಇನ್ನೊಂದಕ್ಕೆ ಬಿ. ಒಂದು 1310 ನ್ಯಾನೋಮೀಟರ್‌ನಲ್ಲಿ ಬೆಳಕು ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ಎ ತಂದರೆ ಕೆಲಸ ಮಾಡುವುದಿಲ್ಲ. ಮನೆಗೆ ಫೈಬರ್ ತರುವ ಡ್ರಾಪ್ ಕೇಬಲ್‌ಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು. ಲೋಹವೇ ಇಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕಡ್ಡಿಯದನ್ನು ಕೇಳಿ ತನ್ನಿ. ಜಾಯಿಂಟ್ ಹಾಕಲು ಊರಿನ ಫೈಬರ್ ಕೆಲಸದವರನ್ನೇ ಕರೆಯಬಹುದು.

ಮನೆಯ ಗೋಡೆಗೇ ಅಂಟಿದ ಹೊರಗಿನ ಕ್ಯಾಮೆರಾಕ್ಕೆ ತಾಮ್ರವೇ ಆಗಬೇಕು, ಏಕೆಂದರೆ ಅದೇ ತಂತಿಯಲ್ಲಿ ಕರೆಂಟ್ ಕೊಡಬೇಕಲ್ಲ. ಲ್ಯಾನ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಮಾಮೂಲಿ ಪಿಒಇ ಸ್ವಿಚ್ ಒಂದು ಬಾಯಿಗೆ 15.4 ವ್ಯಾಟ್ ಕೊಡುತ್ತದೆ, ಕೇಬಲ್‌ನ ನಷ್ಟ ಕಳೆದು ಕ್ಯಾಮೆರಾಕ್ಕೆ ಸಿಗುವ ಖಾತ್ರಿ 12.95 ವ್ಯಾಟ್. ಮೋಡ ಕಟ್ಟುವಾಗಲೇ, ಗುಡುಗು ಕೇಳಿಸುವ ಮೊದಲೇ ಹೊರಗಿನ ಕ್ಯಾಮೆರಾಗಳ ಕೇಬಲನ್ನು ಸ್ವಿಚ್‌ನಿಂದ ಬಿಡಿಸಿ. ಗುಡುಗು ಕೇಳಿಸಿದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.

ಶೀಲ್ಡ್ (ತಂತಿಗಳ ಸುತ್ತ ಲೋಹದ ಪದರ) ಇರುವ ಕೇಬಲ್ ಬೇಕೇ ಎಂದು ಕೆಲವರು ಕೇಳುತ್ತಾರೆ. ಮನೆಗೆ ಬೇಡ. ಶೀಲ್ಡಿನ ತಗಡು ಕೆಲಸ ಮಾಡಬೇಕಾದರೆ ಕನೆಕ್ಟರ್, ಜ್ಯಾಕ್, ಸ್ವಿಚ್ ಎಲ್ಲವೂ ಶೀಲ್ಡಿನವೇ ಆಗಿ, ಕೊನೆಗೆ ಸರಿಯಾದ ಅರ್ಥಿಂಗ್ ಸಿಗಬೇಕು. ಇಲ್ಲದಿದ್ದರೆ ದುಡ್ಡು ಜಾಸ್ತಿ, ಪ್ರಯೋಜನ ಇಲ್ಲ. ದೊಡ್ಡ ಮೋಟಾರು, ವೆಲ್ಡಿಂಗ್ ಇರುವ ವರ್ಕ್‌ಶಾಪಿನ ಮಾತು ಬೇರೆ.

ಎಳೆಯುವಾಗ ಮತ್ತು ತುದಿ ಹಾಕುವಾಗ

ಕರೆಂಟ್ ವೈರಿನ ಪೈಪಿನಲ್ಲಿ ಲ್ಯಾನ್ ಕೇಬಲ್ ಹಾಕಲು ಬಿಡಬೇಡಿ. ಜಾಗ ಇದೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೂ ಬೇಡ. ಎಲ್ಲೋ ಇನ್ಸುಲೇಷನ್ ಸುಲಿದರೆ 230 ವೋಲ್ಟ್ ನೇರ ನಿಮ್ಮ ಕಂಪ್ಯೂಟರಿಗೆ. ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಲಿ. ಕೇಬಲನ್ನು ಚೂಪಾಗಿ ಮಡಚಬಾರದು, ತಿರುವಿನ ಒಳ ಅರೆವ್ಯಾಸ ಕೇಬಲ್ ದಪ್ಪದ ನಾಲ್ಕು ಪಟ್ಟಾದರೂ ಇರಲಿ. ಮೊಳೆಯ ಕ್ಲಿಪ್ ಹೊಡೆಯುವಾಗ ಕೇಬಲ್ ಚಪ್ಪಟೆಯಾದರೆ ಒಳಗಿನ ಹುರಿ ಕೆಟ್ಟಿತೆಂದೇ ಅರ್ಥ.

ಇನ್ನು ಕ್ರಿಂಪಿಂಗ್, ಅಂದರೆ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವುದು. ಆರ್‌ಜೆ45 ಕನೆಕ್ಟರ್ ಕೂಡ ಕೇಬಲ್‌ಗೆ ತಕ್ಕದ್ದೇ ಬೇಕು. 23 ಗೇಜಿನ ದಪ್ಪ ತಂತಿ ಕ್ಯಾಟ್ 5ಇ ಕನೆಕ್ಟರ್ ಒಳಗೆ ಸರಿಯಾಗಿ ಹೋಗುವುದಿಲ್ಲ.

ಹೊದಿಕೆ ಸುಮಾರು ಒಂದು ಇಂಚು ಸುಲಿಯಿರಿ. ಕ್ಯಾಟ್ 6ರ ನಡುವೆ ಕೂಡಿಸುವ ಚಿಹ್ನೆಯ ಆಕಾರದ ಪ್ಲಾಸ್ಟಿಕ್ ಕಡ್ಡಿ ಇದ್ದರೆ ಬುಡಕ್ಕೆ ಕತ್ತರಿಸಿ. ಜೋಡಿಗಳ ಹುರಿ ಬಿಡಿಸಿ, ತಂತಿಗಳನ್ನು ನೇರ ಮಾಡಿ. ಕನೆಕ್ಟರ್‌ನ ಕ್ಲಿಪ್ ಕೆಳಗೆ, ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಈ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ಟಿ568ಬಿ ಅನ್ನುತ್ತಾರೆ. ಎರಡೂ ತುದಿಗೆ ಇದೇ ಕ್ರಮ. ತುದಿಗಳನ್ನು ಒಂದೇ ಸಮ ಕತ್ತರಿಸಿ ಕನೆಕ್ಟರ್ ಒಳಗೆ ಪೂರ್ತಿ ತಳ್ಳಿ. ಎಂಟೂ ತಂತಿಯ ತುದಿ ಆ ಕಡೆಯ ಗೋಡೆಗೆ ತಾಗಿ ಮಿನುಗುವುದು ಕಾಣಬೇಕು. ಹೊರ ಹೊದಿಕೆಯೂ ಕನೆಕ್ಟರ್ ಒಳಗೆ ಹೋಗಿ ಕಚ್ಚಿಕೊಂಡಿರಬೇಕು. ಹುರಿ ಬಿಚ್ಚಿದ ಭಾಗ ಅರ್ಧ ಇಂಚಿಗಿಂತ ಜಾಸ್ತಿ ಉಳಿಯಬಾರದು. ಆಮೇಲೆ ಟೂಲ್ ಒತ್ತಿ.

"ಎರಡೂ ಕಡೆ ಒಂದೇ ಕ್ರಮ ಇದ್ದರಾಯಿತು, ಬಣ್ಣ ಹೇಗಿದ್ದರೇನು" ಎಂದು ಜೋಡಿ ಜೋಡಿಯಾಗಿ ಸಾಲು ಹಾಕುವವರಿದ್ದಾರೆ. ಅದು ತಪ್ಪು. 3 ಮತ್ತು 6ನೇ ತಂತಿ ಒಂದೇ ಜೋಡಿಯವಾಗಿರಬೇಕು. ಸಾಲಾಗಿ ಹಾಕಿದರೆ ಅವು ಬೇರೆ ಬೇರೆ ಜೋಡಿಗೆ ಸೇರಿ, ಹುರಿಯ ರಕ್ಷಣೆಯೇ ಹೋಗುತ್ತದೆ. ಮಾಮೂಲಿ ದೀಪದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಹೊತ್ತುತ್ತದೆ. ಆದರೆ ಉದ್ದ ಕೇಬಲ್‌ನಲ್ಲಿ ನೆಟ್ ತಡವರಿಸುತ್ತದೆ.

ಕೆಲಸದವರು ಹೋಗುವ ಮುಂಚೆ

ದೀಪದ ಟೆಸ್ಟರ್ ಆದ ಮೇಲೆ ನಿಜವಾದ ಪರೀಕ್ಷೆ ಲ್ಯಾಪ್‌ಟಾಪ್‌ನಲ್ಲಿ. ವೈಫೈ ಆಫ್ ಮಾಡಿ, ಕೇಬಲ್ ಹಾಕಿ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಈಥರ್ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿ. 1000 ಇರಬೇಕು. 100 ತೋರಿಸುತ್ತಿದ್ದರೆ ಹೆಚ್ಚಿನ ಸಲ ಎಂಟರಲ್ಲಿ ಒಂದು ತಂತಿ ಕೂಡಿಲ್ಲ. 100 ಮೆಗಾಬಿಟ್‌ಗೆ 1, 2, 3, 6 ಈ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. 300ರ ಪ್ಲಾನ್ ಇದ್ದೂ ಸ್ಪೀಡ್ ಟೆಸ್ಟ್ ಪ್ರತಿ ಸಲ 94ರ ಹತ್ತಿರವೇ ನಿಂತರೆ ಕಾರಣ ಹೆಚ್ಚಾಗಿ ಇದೇ. ಕಂಪನಿಗೆ ಫೋನ್ ಮಾಡುವ ಮೊದಲು ಎರಡು ತುದಿಯ ಕನೆಕ್ಟರ್ ನೋಡಿ. ರೂಟರ್‌ನ ಬಾಯಿಯೇ 100ರದ್ದು ಇರಬಹುದು, ಹಳೆಯ ಅಗ್ಗದ ರೂಟರ್‌ಗಳಲ್ಲಿ ಹಾಗಿರುತ್ತದೆ. ಅದನ್ನೂ ನೋಡಿಕೊಳ್ಳಿ.

ಹಣ ಕೊಡುವ ಮುಂಚೆ ಮೀಟರ್ ಲೆಕ್ಕವನ್ನೂ ನೀವೇ ನೋಡಬಹುದು. ಒಳ್ಳೆಯ ಕೇಬಲ್‌ನ ಹೊದಿಕೆ ಮೇಲೆ ಮೀಟರ್ ಮೀಟರ್‌ಗೂ ಅಂಕಿ ಅಚ್ಚಾಗಿರುತ್ತದೆ. ಒಂದು ತುದಿಯ ಹತ್ತಿರ 214, ಇನ್ನೊಂದರ ಹತ್ತಿರ 176 ಇದ್ದರೆ ಹೋಗಿರುವುದು 38 ಮೀಟರ್. ಆ ಅಂಕಿಯನ್ನೂ, ಯಾವ ಕೋಣೆಗೆ ಹೋಗಿದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಎರಡೂ ತುದಿಗೆ ಅಂಟಿಸಿ, ಮೇಲೆ ಪಾರದರ್ಶಕ ಟೇಪ್ ಸುತ್ತಿ. ಪೆನ್ನಿನಲ್ಲಿ ಬರೆದು ಹಾಗೇ ಬಿಟ್ಟರೆ ಜುಲೈ ತೇವಕ್ಕೆ ಅಕ್ಷರ ಉಳಿಯುವುದಿಲ್ಲ.